ಓದುಗರ ಪ್ರಶ್ನೆ: ಕಾಡು ಟರ್ಕಿ ಬೇಟೆಗೆ ಯಾವ ಹೊತ್ತು ಒಳ್ಳೆಯದು?

ಪ್ರಶ್ನೆ: ನಾನು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದೇನೆ. ಈ ವಸಂತದಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಕಾಡು ಟರ್ಕಿ ಬೇಟೆ ಶುರು ಮಾಡಿದ್ದೇನೆ. ನಸುಕಿನಲ್ಲಿ ಹುಂಜಗಳು ಮರದ ಮೇಲಿಂದ ಜೋರಾಗಿ ಕೂಗುತ್ತವೆ. ಹೇಂಟೆಯ ದನಿ ಹೊರಡಿಸುವ ಮರದ ಪೆಟ್ಟಿಗೆಯಾದ ನನ್ನ ಬಾಕ್ಸ್ ಕಾಲ್‌ಗೆ ಉತ್ತರವನ್ನೂ ಕೊಡುತ್ತವೆ. ಆದರೆ ನೆಲಕ್ಕೆ ಇಳಿದ ಮೇಲೆ ಒಂದೂ ಹತ್ತಿರ ಬರುವುದಿಲ್ಲ. ಎಂಟು ಗಂಟೆಗೆ ಕಾಡೇ ಸುಮ್ಮನಾಗಿಬಿಡುತ್ತದೆ, ನಾನೂ ಮನೆಗೆ ಹೊರಡುತ್ತೇನೆ. ಬೇಟೆಗೆ ನಿಜವಾಗಿ ಒಳ್ಳೆಯ ಹೊತ್ತು ಯಾವುದು? ಸಂಜೆ ಹೋದರೆ ಹೇಗೆ?

ಉತ್ತರ: ಎಂಟಕ್ಕೇ ಜಾಗ ಬಿಟ್ಟು ಹೊರಡಬೇಡಿ. ನಾನೂ ಇದೇ ರಾಜ್ಯದ ಕಾಡುಗಳಲ್ಲಿ ಬೇಟೆಯಾಡುವವನು. ಇಡೀ ದಿನದಲ್ಲಿ ಒಂದೇ ಹೊತ್ತು ಆರಿಸಿಕೋ ಅಂದರೆ ಒಂಬತ್ತರಿಂದ ಹನ್ನೆರಡು ಅನ್ನುತ್ತೇನೆ.

ಕಾರಣ ಹೇಳುತ್ತೇನೆ. ಟರ್ಕಿಗಳು ರಾತ್ರಿ ಮರದ ಮೇಲೆ ಕಳೆಯುತ್ತವೆ. ಮೇ ಮೊದಲ ವಾರ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರರ ಆಸುಪಾಸಿಗೆ. ಅದಕ್ಕೆ ಅರ್ಧ, ಮುಕ್ಕಾಲು ಗಂಟೆ ಮುಂಚೆಯೇ ಹುಂಜಗಳ ಕೂಗು ಶುರು. ಆ ಕೂಗು ಹೇಂಟೆಗಳಿಗೆ. ಅವು ಕೇಳಿಸಿಕೊಂಡು ತಾವೇ ಹುಂಜ ಇರುವಲ್ಲಿಗೆ ಹೋಗುತ್ತವೆ. ನೀವು ಹೇಂಟೆಯ ದನಿ ಮಾಡಿ ಹುಂಜವನ್ನೇ ನಿಮ್ಮ ಕಡೆ ಕರೆಯುತ್ತಿದ್ದೀರಿ. ಅಂದರೆ ಅದರ ಸ್ವಭಾವಕ್ಕೆ ಉಲ್ಟಾ. ಪಕ್ಕದ ಮರದಲ್ಲೇ ನಿಜವಾದ ಹೇಂಟೆಗಳಿರುವಾಗ ಅದು ಯಾಕೆ ಬಂದೀತು? ಉತ್ತರ ಕೊಟ್ಟು, ಕೆಳಗಿಳಿದು, ಅವುಗಳ ಜೊತೆ ಹೊರಟುಹೋಗುತ್ತದೆ. ನಿಮ್ಮ ಕಾಲ್‌ನಲ್ಲಿ ದೋಷವಿಲ್ಲ.

ಬೆಳಗು ಏರಿದ ಮೇಲೆ ಲೆಕ್ಕ ಬದಲಾಗುತ್ತದೆ. ಇದು ಹೇಂಟೆಗಳು ಮೊಟ್ಟೆ ಇಡುವ ಕಾಲ. ದಿನಕ್ಕೊಂದರಂತೆ ಇಟ್ಟು, ಹತ್ತು ಹನ್ನೆರಡು ಸೇರಿದ ಮೇಲೆ ಸುಮಾರು 28 ದಿನ ಕಾವು ಕೂರುತ್ತವೆ. ಮೊಟ್ಟೆ ಇಡುವ ದಿನಗಳಲ್ಲಿ ಅವು ಒಂದೊಂದಾಗಿ ಹುಂಜವನ್ನು ಬಿಟ್ಟು ಗೂಡಿನ ಕಡೆ ಜಾರಿಕೊಳ್ಳುತ್ತವೆ. ಆಗ ಒಂಟಿಯಾದ ಹುಂಜ ಹುಡುಕಾಟ ಶುರು ಮಾಡುತ್ತದೆ. ನಸುಕಿನಲ್ಲಿ ಹೇಂಟೆಯ ದನಿ ಎಲ್ಲಿಂದ ಬಂತು ಅನ್ನುವುದು ಅದಕ್ಕೆ ಚೆನ್ನಾಗಿ ನೆನಪಿರುತ್ತದೆ. ಅದಕ್ಕೇ ಬೆಳಿಗ್ಗೆ ಉತ್ತರ ಸಿಕ್ಕಿದ ಜಾಗ ಬಿಟ್ಟು ದೂರ ಹೋಗಬೇಡಿ. ಹತ್ತು ಗಂಟೆಗೆ ಬರುವ ಕೂಗು ಒಂದೇ ಆದರೂ, ಅದು ನಸುಕಿನ ಹತ್ತು ಕೂಗಿಗಿಂತ ಹೆಚ್ಚು ಭರವಸೆಯದು. ಆ ಹೊತ್ತಿಗೆ ಕೂಗಿದ ಹುಂಜ ಬರುವ ಮನಸ್ಸು ಮಾಡಿದೆ ಅಂತಲೇ ನಾನು ತಿಳಿಯುತ್ತೇನೆ. ಮೇ ಕೊನೆಗೆ ಬಹಳಷ್ಟು ಹೇಂಟೆಗಳು ಕಾವಿಗೆ ಕೂತಿರುವುದರಿಂದ ಹುಂಜಗಳು ದಿನದ ಜಾಸ್ತಿ ಹೊತ್ತು ಒಂಟಿಯಾಗಿಯೇ ಇರುತ್ತವೆ.

ಈ ಹೊತ್ತಿನಲ್ಲಿ ಕಾಲ್ ಕಡಿಮೆ ಬಳಸಿ. ಮೆತ್ತಗೆ ನಾಲ್ಕೈದು ಯೆಲ್ಪ್ (ಹೇಂಟೆ ಕರೆಯುವ ದನಿ), ಆಮೇಲೆ ಕಾಲು ಗಂಟೆ ಮೌನ. ಎಷ್ಟೋ ಹುಂಜಗಳು ಈಗ ಕೂಗದೆ ಬರುತ್ತವೆ. ಒಣ ಎಲೆಯ ಮೇಲೆ ಹೆಜ್ಜೆ ಸದ್ದು, ಇಲ್ಲವೇ ಎದೆಯೊಳಗೆ ಡ್ರಮ್ ಬಡಿದಂಥ ಸಣ್ಣ ಗುಂಯ್ ಸದ್ದು, ಅಷ್ಟೇ. ಟರ್ಕಿಯ ಮೂಗಿಗೆ ಹೆದರಬೇಕಿಲ್ಲ, ಅದರ ಕಣ್ಣಿಗೆ ಹೆದರಬೇಕು. ಬಣ್ಣ ಗುರುತಿಸುತ್ತದೆ. ಕತ್ತು ಸ್ವಲ್ಪ ತಿರುಗಿಸಿದರೆ ಸುತ್ತಲೂ ನೋಡುತ್ತದೆ. ಬೆನ್ನಿಗೆ ನಿಮ್ಮ ಭುಜಕ್ಕಿಂತ ಅಗಲದ ಮರ ಇಟ್ಟುಕೊಂಡು ಕೂತುಬಿಡಿ. ಏಳಬೇಕು ಅನ್ನಿಸಿದಾಗ ಇನ್ನೂ ಅರ್ಧ ಗಂಟೆ ಕೂರಿ.

ಹಾಗಂತ ನಸುಕನ್ನು ಬಿಡಬೇಡಿ. ಯಾವ ಗುಡ್ಡದಲ್ಲಿ ಎಷ್ಟು ಹುಂಜಗಳಿವೆ ಅಂತ ತಿಳಿಯುವುದೇ ಆಗ. ಕತ್ತಲಿರುವಾಗಲೇ ಹೋಗಿ, ಅವು ಕೂತ ಮರದಿಂದ ನೂರು ಗಜವಾದರೂ ದೂರ ಕೂರಿ. ಒಂದು ಕಡ್ಡಿ ಮುರಿದ ಸದ್ದಿಗೇ ಅವು ಆಚೆ ಬದಿಗೆ ಇಳಿದುಬಿಡುತ್ತವೆ. ಜೋರು ಗಾಳಿ ಇದ್ದ ದಿನ ಕೂಗು ಕೇಳುವುದೂ ಕಷ್ಟ. ಮಳೆ ಬಂದರೆ ಹೊಲ, ಬಯಲಿನ ಅಂಚು ನೋಡಿ. ತೊಟ್ಟಿಕ್ಕುವ ಕಾಡಿಗಿಂತ ಬಯಲು ಅವಕ್ಕೆ ಇಷ್ಟ.

ಇನ್ನು ಸಂಜೆ. ಮೊದಲು ಕಾನೂನು. ನಮ್ಮ ರಾಜ್ಯದಲ್ಲಿ ವಸಂತದ ಸೀಸನ್ನಿನ ಮೊದಲ ಎರಡು ವಾರ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ ಬೇಟೆ. ಕೊನೆಯ ಭಾಗದಲ್ಲಿ ಇಡೀ ದಿನ ಬಿಡುತ್ತಾರೆ. ಮೊದಲ ವಾರಗಳಲ್ಲಿ ಹೇಂಟೆಯನ್ನು ಗೂಡಿನಿಂದ ಎಬ್ಬಿಸಿದರೆ ಅದು ಗೂಡನ್ನೇ ತೊರೆಯಬಹುದು, ಅದಕ್ಕೇ ಈ ಗಡುವು. ಇದು ನನಗೆ ತುಂಬ ಸರಿ ಅನ್ನಿಸುವ ನಿಯಮ. ಪ್ರತಿ ವರ್ಷ ಬೇಟೆಯ ನಿಯಮ ಮಾಡುವ ಪೆನ್ಸಿಲ್ವೇನಿಯಾ ಗೇಮ್ ಕಮಿಷನ್ನಿನ ಹೊಸ ನಿಯಮ ಓದಿಯೇ ಹೊರಡಿ. ಬೇರೆ ರಾಜ್ಯಗಳ ಸಮಯ ಬೇರೆ ಇರುತ್ತದೆ.

ಇಡೀ ದಿನ ಬಿಟ್ಟಾಗಲೂ ಮಧ್ಯಾಹ್ನ ಅವು ನೆರಳಲ್ಲಿ ಇರುತ್ತವೆ, ಮಣ್ಣಿನಲ್ಲಿ ಹೊರಳಾಡುತ್ತವೆ. ಸಂಜೆ ಮೇಯುತ್ತ ರಾತ್ರಿಯ ಮರದ ಕಡೆ ಸಾಗುತ್ತವೆ. ದಾರಿಯಲ್ಲಿ ಕಾಯಬಹುದು. ಆದರೆ ಅವು ಮಲಗುವ ಮರದ ಹತ್ತಿರ ಗುಂಡು ಹಾರಿಸಬೇಡಿ, ಆ ಜಾಗವನ್ನೇ ಬಿಟ್ಟುಹೋಗುತ್ತವೆ. ನಾನು ಸಂಜೆ ಬಂದೂಕು ಒಯ್ಯುವುದಿಲ್ಲ. ಕತ್ತಲಾಗುವಾಗ ಬಾರ್ಡ್ ಗೂಬೆಯ ಕೂಗು ಅನುಕರಿಸುತ್ತೇನೆ. ಮರ ಹತ್ತಿದ ಹುಂಜ ಬೆಚ್ಚಿ ಕೂಗಿಬಿಡುತ್ತದೆ. ಮರುದಿನ ಎಲ್ಲಿ ಕೂರಬೇಕು ಅನ್ನುವುದು ಅಲ್ಲೇ ತೀರ್ಮಾನ.

ಒಂದು ಮಾತು ದಯವಿಟ್ಟು ಮನಸ್ಸಲ್ಲಿಡಿ. ಹನ್ನೊಂದು ಗಂಟೆಗೆ ಕೇಳುವ ಹೇಂಟೆಯ ದನಿ ಇನ್ನೊಬ್ಬ ಬೇಟೆಗಾರನದ್ದೂ ಆಗಿರಬಹುದು. ಕೂಗಿದ ಕಡೆ ತೆವಳಿಕೊಂಡು ಹೋಗಬೇಡಿ, ಇಲ್ಲಿ ವಸಂತದಲ್ಲಿ ಅದು ಕಾನೂನಿಗೂ ವಿರುದ್ಧ. ಕೆಂಪು, ಬಿಳಿ, ನೀಲಿ ಬಣ್ಣ ಮೈಮೇಲೆ ಬೇಡ, ಹುಂಜದ ತಲೆಯ ಬಣ್ಣಗಳು ಅವು. ಜಾಗ ಬದಲಿಸುವಾಗ ಕಿತ್ತಳೆ ಟೋಪಿ ಹಾಕಿ. ಹುಂಜದ ಎದೆಯಿಂದ ಕೂದಲಿನಂತೆ ಜೋತುಬೀಳುವ ಗರಿಗಳ ಗಡ್ಡ ಕಣ್ಣಾರೆ ಕಂಡ ಮೇಲೆ, ನಲವತ್ತು ಗಜದೊಳಗಿದ್ದರೆ ಮಾತ್ರ ಗುಂಡು.

ಪ್ರಶ್ನೆ: ಶರತ್ಕಾಲದಲ್ಲೂ ಇದೇ ಹೊತ್ತು ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. ಆಗ ಜೋಡಿ ಹುಡುಕಾಟ ಇರುವುದಿಲ್ಲ, ಎಲ್ಲವೂ ಹಿಂಡಿನಲ್ಲಿ ಮೇವಿನ ಹಿಂದೆ. ಓಕ್, ಬೀಚ್ ಕಾಯಿ ಉದುರಿದ ಕಡೆ ಎಲೆ ಕೆದರಿದ ಗುರುತು ಹುಡುಕಿ. ಹಿಂಡು ಕಂಡರೆ ಎಲ್ಲ ದಿಕ್ಕಿಗೂ ಚೆದುರಿಸಿ. ಅರ್ಧ ಗಂಟೆ ಬಿಟ್ಟು, ಅದೇ ಜಾಗದಲ್ಲಿ ಕೂತು ಮರಿಗಳ ‘ಕೀ ಕೀ’ ದನಿ ಮಾಡಿ. ಅವು ಮತ್ತೆ ಒಂದುಗೂಡಲು ಬರುತ್ತವೆ. ಬೆಳಿಗ್ಗೆಯೇ ಚೆದುರಿಸಿದರೆ ನಿಮಗೆ ಹೊತ್ತು ಜಾಸ್ತಿ ಸಿಗುತ್ತದೆ.