ಅಸ್ಥಿ ಬಿಟ್ಟೆ ಎಂದಿದ್ದ ಮಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 43 ವರ್ಷ. ಬೆಂಗಳೂರಿನಲ್ಲಿ ಸಣ್ಣ ಗ್ಯಾರೇಜು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರಲ್ಲ ಎಂದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಅಪ್ಪ ತೀರಿಕೊಂಡು ಮೂರು ವರ್ಷವಾದರೂ ಒಮ್ಮೆಯೂ ತಿಥಿಗೆ ಕೂತಿಲ್ಲ ಅನ್ನುವುದು ಎರಡನೇ ಭೇಟಿಯಲ್ಲಿ ಹೊರಬಿತ್ತು.

2021ರ ಮೇ, ಕೋವಿಡ್‌ನ ಎರಡನೇ ಅಲೆ. ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದ ದಿನಗಳು. ಅಪ್ಪ ಆಸ್ಪತ್ರೆಯಲ್ಲಿ ತೀರಿಹೋದಾಗ ಇವರೂ ಪಾಸಿಟಿವ್, ಕೋಣೆಯಲ್ಲಿ ಒಬ್ಬರೇ. ದಹನದ 40 ಸೆಕೆಂಡಿನ ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ಬಂತು. ಮದ್ದೂರಿನ ಕಡೆ ಮಗಳ ಮನೆಯಲ್ಲಿದ್ದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: "ಅಸ್ಥಿ ಬಿಟ್ಯೇನಪ್ಪಾ?" ಇವರು "ಪಶ್ಚಿಮವಾಹಿನೀಲಿ ಬಿಟ್ಟೆ ಕಣಮ್ಮ" ಅಂದುಬಿಟ್ಟರು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಅಸ್ಥಿ ಬಿಡುವ ಆ ಜಾಗಕ್ಕೆ ಇವರು ಹೋಗಿರಲೇ ಇಲ್ಲ.

ಚಿತಾಗಾರಕ್ಕೆ ಹೋಗುವಷ್ಟರಲ್ಲಿ ಜೂನ್ ಎರಡನೇ ವಾರ. ಯಾರೂ ಒಯ್ಯದೆ ಉಳಿದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಜೂನ್ 2ರಂದೇ ಸರ್ಕಾರದವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಗೆ ಬಿಟ್ಟಿದ್ದರು. ಅಪ್ಪನದೂ ಅದರಲ್ಲಿ ಹೋಗಿದೆ ಎಂದರು ಅಲ್ಲಿಯವರು. ಟಿವಿಯಲ್ಲಿ "ಅನಾಥ ಅಸ್ಥಿ" ಅಂದದ್ದು ಇವರ ಕಿವಿಯಲ್ಲಿ ಕೂತುಬಿಟ್ಟಿತು. "ನಮ್ಮಪ್ಪ ಅನಾಥ ಅಲ್ಲ ಮೇಡಂ, ಮೂರು ಜನ ಮಕ್ಕಳಿದ್ದೀವಿ."

"ನಿಮ್ಮ ತಪ್ಪಿಲ್ಲ" ಎಂದೆ. ಆ ಮಾತು ದಂಡವಾಯಿತು. ಮೂರು ವರ್ಷದಿಂದ ಎಲ್ಲರೂ ಹೇಳಿದ್ದೇ ಅದು. ದುಃಖ ಆರು ತಿಂಗಳು ದಾಟಿಯೂ ದಿನದ ಬದುಕನ್ನು ಕೆಡಿಸುತ್ತಿದ್ದರೆ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಒಂದು ಹೆಸರೇ ಇದೆ. ಆದರೆ ಇವರನ್ನು ಕೊರೆಯುತ್ತಿದ್ದದ್ದು ಸಾವಿಗಿಂತ ಜಾಸ್ತಿ ಆ ಸುಳ್ಳು. ಸುಳ್ಳು ಗಟ್ಟಿಯಾಗಿ ಉಳಿಯಬೇಕಾದರೆ ಅಪ್ಪನ ಮಾತೇ ಮನೆಯಲ್ಲಿ ಬರಬಾರದು, ಅಲ್ವಾ?

ಅಪ್ಪ ಕಾಯಿಲೆ ಬಿದ್ದಿದ್ದ ಆ ಇಪ್ಪತ್ತು ದಿನ ಏನೇನು ಮಾಡಿದಿರಿ, ಬರೆದು ತನ್ನಿ ಎಂದೆ. ಎರಡು ಪುಟ ತಂದರು. ಬೆಡ್ಡಿಗಾಗಿ ಮಾಡಿದ ಫೋನುಗಳು, ಆಮ್ಲಜನಕದ ಸಿಲಿಂಡರಿಗೆ ಮಾಡಿದ ಸಾಲ, ವಾರ್ಡಿನ ಹುಡುಗನ ಕೈಲಿ ಕಳಿಸಿದ ರಾಗಿ ಗಂಜಿ. ಅದನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದೆ. ಆಮೇಲೆ ಹೇಳಿದ್ದು ಇಷ್ಟು: ಅಮ್ಮನಿಗೆ ನಿಜ ಹೇಳಿ, ಫೋನಿನಲ್ಲಿ ಬೇಡ, ಎದುರು ಕೂತು. ಮಹಾಲಯ ಅಮಾವಾಸ್ಯೆಗೆ ಎಡೆ ಇಡಿ. ಅಮ್ಮ ಒಪ್ಪಿದರೆ ಬೆಳಕವಾಡಿಗೆ ಹೋಗಿ ಹಾಲು ತುಪ್ಪ ಬಿಡಿ. ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರಿಗೆ ತೋರಿಸೋಣ.

ಮೂರು ವಾರ ಅವರು ಬರಲೇ ಇಲ್ಲ. ಒತ್ತಾಯ ಮಾಡಿದೆನೇನೋ ಅನ್ನಿಸಿತ್ತು.

ಅಮಾವಾಸ್ಯೆ ಕಳೆದ ಮೇಲೆ ಬಂದರು. ಹೇಳಿದ್ದರಂತೆ. ಅಮ್ಮ ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಅಂದರಂತೆ: "ಗೊತ್ತಿತ್ತು ಕಣಪ್ಪ. ಜ್ವರದಲ್ಲಿ ಮಲಗಿದ್ದೋನು ಹೊಳೆಗೆ ಹೆಂಗೆ ಹೋಗ್ತೀಯ?"

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಈಗ ಎಚ್ಚರವಾಗುವುದು ಐದಕ್ಕೆ.