ಓದುಗರ ಪ್ರಶ್ನೆಗೆ ಉತ್ತರ: ಶಾಲೆಯ ಗೋಡೆಗೆ ಬಳ್ಳಾರಿ ಜಾಲಿಯ ಚಹರೆ ಪಟ್ಟಿ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಆಕ್ರಮಣಕಾರಿ ಜೀವಿಗಳ, ಅಂದರೆ ಹೊರಗಿನಿಂದ ಬಂದು ಮಿತಿಮೀರಿ ಹಬ್ಬಿ ಸ್ಥಳೀಯ ಜೀವಿಗಳಿಗೆ ಕುತ್ತಾಗುವ ಗಿಡ-ಪ್ರಾಣಿಗಳ ಪಾಠಕ್ಕಾಗಿ ಮಕ್ಕಳಿಂದ ‘ಪೊಲೀಸರಿಗೆ ಬೇಕಾಗಿದ್ದಾರೆ’ ಎಂಬ ಪ್ರಕಟಣೆಯ ಮಾದರಿಯಲ್ಲಿ ಪೋಸ್ಟರ್‌ಗಳನ್ನು ಮಾಡಿಸಿದೆ. ಉತ್ಸಾಹಕ್ಕೇನೂ ಕಡಿಮೆ ಇರಲಿಲ್ಲ. ಆದರೆ ಹೆಚ್ಚಿನವು ಮೊಬೈಲಿನಲ್ಲಿ ಸಿಕ್ಕ ಚಿತ್ರ ಮತ್ತು ವಾಕ್ಯಗಳ ನಕಲಾಗಿದ್ದವು. ಒಬ್ಬ ಹುಡುಗ ಅಮೆರಿಕದ ಫ್ಲಾರಿಡಾದ ಹೆಬ್ಬಾವನ್ನು ಬರೆದು ತಂದಿದ್ದ. ಈ ಚಟುವಟಿಕೆಯಿಂದ ಮಕ್ಕಳು ನಿಜವಾಗಿ ಕಲಿಯಬೇಕಾದರೆ ಏನು ಮಾಡಬೇಕು?
— ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಪತ್ರಿಕೆಯಲ್ಲಿ ಬರುವ ಪೊಲೀಸ್ ಪ್ರಕಟಣೆಯೊಂದನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿಸಿ. ‘ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೈ ಮೇಲೆ ಹಚ್ಚೆ’ ಎಂಬಲ್ಲಿನ ಪ್ರತಿಯೊಂದು ಮಾತೂ ಯಾರೋ ಕಣ್ಣಾರೆ ಕಂಡದ್ದು. ಆ ವ್ಯಕ್ತಿಯನ್ನು ಎಂದೂ ನೋಡದವರು ಕೂಡ ಬಸ್ ನಿಲ್ದಾಣದಲ್ಲಿ ಅವನನ್ನು ಗುರುತು ಹಿಡಿಯಲಿ ಎಂದೇ ಬರೆದದ್ದು. ನಿಮ್ಮ ಮಕ್ಕಳ ಪೋಸ್ಟರ್‌ಗಳಲ್ಲಿ ಅಪರಾಧದ ವರ್ಣನೆ ಧಾರಾಳವಾಗಿದ್ದು ಈ ಚಹರೆಯ ಭಾಗವೇ ಬಡವಾಗಿದೆ ಎಂದು ನಿಮ್ಮ ಪತ್ರದಿಂದ ತೋರುತ್ತದೆ. ಆದ್ದರಿಂದ ಶಾಲೆಯಿಂದ ನಡೆದುಹೋಗಿ ನೋಡಬಹುದಾದ ಜೀವಿಯನ್ನು ಮಾತ್ರ, ಅದೂ ನೋಡಿದ ಮೇಲೆಯೇ ಬರೆಯಬೇಕು ಎಂಬ ಒಂದು ಕಟ್ಟುಪಾಡನ್ನು ಮೊದಲು ಹಾಕಿ.

ನಿಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿಗಿಂತ ಒಳ್ಳೆಯ ಆರೋಪಿ ಸಿಗುವುದು ಕಷ್ಟ. ಅದನ್ನು ಎಲ್ಲರೂ ಬಲ್ಲೆವೆಂದು ಭಾವಿಸುತ್ತಾರೆ, ಆದರೆ ಕರಿಜಾಲಿ, ಬನ್ನಿ ಮತ್ತು ಬಳ್ಳಾರಿ ಜಾಲಿಯ ಕೊಂಬೆಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟರೆ ದೊಡ್ಡವರೂ ತಡವರಿಸುತ್ತಾರೆ. ಕರಿಜಾಲಿಯ ಹೂವು ಅರಿಶಿನ ಬಣ್ಣದ ಪುಟ್ಟ ಚೆಂಡು, ಕಾಯಿ ಮಣಿಸರದಂತೆ ಬೀಜಬೀಜಕ್ಕೂ ಸೊಂಟ ಕಟ್ಟಿದ ಬೂದು ಬಣ್ಣದ್ದು. ಬಳ್ಳಾರಿ ಜಾಲಿಯ ಹೂಗೊಂಚಲು ಬೆರಳುದ್ದದ ಮಾಸಲು ಹಳದಿ ತೆನೆ, ಕಾಯಿ ಮಾಗಿದಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗುವ, ತಿನ್ನಲು ಸಿಹಿಯಾದದ್ದು. ಇನ್ನು ಮಹಾನವಮಿಗೆ ನಾವು ಪೂಜಿಸುವ ಬನ್ನಿ ಅದರ ಹತ್ತಿರದ ಬಂಧುವೇ ಆಗಿರುವುದರಿಂದ ಮುಳ್ಳನ್ನು ನೋಡಬೇಕಾಗುತ್ತದೆ: ಬನ್ನಿಯ ಗಿಡ್ಡ ಮುಳ್ಳುಗಳು ಗೆಣ್ಣು ಗೆಣ್ಣಿನ ನಡುವೆ ಚದುರಿರುತ್ತವೆ, ಬಳ್ಳಾರಿ ಜಾಲಿಯವು ಎಲೆ ಹೊರಡುವ ಗೆಣ್ಣಿನಲ್ಲಿಯೇ ಹೆಚ್ಚಾಗಿ ಜೋಡಿಯಾಗಿ ಇರುತ್ತವೆ. ಪೋಸ್ಟರ್‌ನಲ್ಲಿ ‘ಇವನೆಂದು ತಪ್ಪಾಗಿ ಹಿಡಿಯಬಾರದವರು’ ಎಂಬ ಒಂದು ಕಲಂ ಇರಲಿ. ಆ ಕಲಮನ್ನು ತುಂಬಿದ ಮಗುವಿಗೆ ಬೇರೆ ಪರೀಕ್ಷೆ ಬೇಕಿಲ್ಲ ಎಂದು ನನ್ನ ಅಭಿಪ್ರಾಯ.

ಮೆಕ್ಕೆಜೋಳ ಬೆಳೆಯುವ ದಾವಣಗೆರೆ ಕಡೆಯ ಶಾಲೆಗಳಿಗೆ ಫಾಲ್ ಸೈನಿಕ ಹುಳು ಇದೆ. ಅಮೆರಿಕ ಖಂಡದ ಈ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರಲ್ಲಿ, ನೆರೆಯ ಶಿವಮೊಗ್ಗದಲ್ಲಿ. ತಲೆಯ ಮೇಲೆ ಬುಡಮೇಲಾದ ಇಂಗ್ಲಿಷಿನ ವೈ ಅಕ್ಷರದಂತಹ ಬಿಳಿ ಗೆರೆ, ಬಾಲದ ಸಮೀಪ ಚೌಕಾಕಾರದಲ್ಲಿ ಕುಳಿತ ನಾಲ್ಕು ಕಪ್ಪು ಚುಕ್ಕೆ, ಬೆಳೆಯ ಸುಳಿಯೊಳಗೆ ಮರದ ಹೊಟ್ಟಿನಂತೆ ಬಿದ್ದಿರುವ ಹಿಕ್ಕೆ. ಹಚ್ಚೆಯೂ ಇದೆ, ಅಡಗುತಾಣವೂ ಇದೆ! ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಎಲ್ಲ ಕಡೆಯೂ ಸಿಗುತ್ತದೆ. ಆದರೆ ಅದನ್ನು ಮಕ್ಕಳಿಂದ ಬರಿಗೈಯಲ್ಲಿ ಕೀಳಿಸಬೇಡಿ. ಅದು ತಗುಲಿದರೆ ಕೆಲವರ ಚರ್ಮ ತುರಿಸಿ ದದ್ದೇಳುತ್ತದೆ, ಪರಾಗದಿಂದ ಉಬ್ಬಸದವರಿಗೆ ತೊಂದರೆಯಾಗುತ್ತದೆ. ಒಂದು ಟೊಂಗೆಯನ್ನು ನೀವೇ ಪಾರದರ್ಶಕ ಕವರಿನಲ್ಲಿ ಹಾಕಿ ತಂದರೆ ಸಾಕು. ‘ಬಹುಮಾನ’ವನ್ನೂ ಹಿಡಿದು ಕೊಂದವರಿಗಲ್ಲ, ಎಲ್ಲಿ, ಯಾವಾಗ, ಎಷ್ಟು ಕಂಡಿತು ಎಂಬ ಸುಳಿವನ್ನು ಸರಿಯಾಗಿ ಬರೆದು ತಂದವರಿಗೆ ಕೊಡಿ.

ಪೋಸ್ಟರ್‌ನ ಈ ಧಾಟಿಯಲ್ಲಿ ಒಂದು ಅಪಾಯವಿದೆ: ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಮಕ್ಕಳು ತಿಳಿದುಬಿಡಬಹುದು. ನಿಮ್ಮ ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಸಾಕಿದ ಶೇಂಗಾ ದಕ್ಷಿಣ ಅಮೆರಿಕದ್ದು, ಮೆಕ್ಕೆಜೋಳವೂ ಮೆಣಸಿನಕಾಯಿಯೂ ಆ ಕಡೆಯವೇ. ಇವು ಹೊಲದ ಬದು ದಾಟಿ ಕಾವಲನ್ನು, ಅಂದರೆ ದನಕುರಿ ಮೇಯುವ ಹುಲ್ಲುಗಾವಲನ್ನು, ಆಕ್ರಮಿಸಿದ್ದಿಲ್ಲ. ಪಾರ್ಥೇನಿಯಂ ಎಲೆಯನ್ನು ತಿಂದು ಹಾಕಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೀರುಂಡೆ ಕೂಡ ಮೆಕ್ಸಿಕೋದ್ದೇ. ನಿಮ್ಮ ವಿದ್ಯಾರ್ಥಿಯ ಹೆಬ್ಬಾವಂತೂ ಏಷ್ಯಾದ್ದು, ನಮ್ಮ ಈಶಾನ್ಯ ರಾಜ್ಯಗಳ ಕಾಡಿನಲ್ಲಿ ಅದು ಮನೆಮಗ. ಫ್ಲಾರಿಡಾದಲ್ಲಿ ಅದು ಆರೋಪಿಯಾದದ್ದು ಸಾಕಲೆಂದು ಕೊಂಡವರ ಕೈಯಿಂದ ಹೊರಬಿದ್ದು ಅಲ್ಲಿನ ಜೌಗಿನಲ್ಲಿ ಸಂಸಾರ ಹೂಡಿದ್ದರಿಂದ. ಆ ಹುಡುಗನನ್ನು ಗದರಿಸದೆ ಇದನ್ನೇ ತರಗತಿಗೆ ವಿವರಿಸಲು ಹೇಳಿ. ಜೊತೆಗೆ ಪ್ರತಿ ಪೋಸ್ಟರ್‌ನಲ್ಲೂ ‘ಕರೆತಂದವರು’ ಎಂಬ ಸಾಲನ್ನು ಕಡ್ಡಾಯ ಮಾಡಿ. ಇಂದು ಕಾಡುಗಳಲ್ಲಿ ಹಬ್ಬಿರುವ ಪೊದೆಗಿಡ ಲಂಟಾನ 1809ರ ಸುಮಾರಿಗೆ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದದ್ದು ಅಲಂಕಾರದ ಗಿಡವಾಗಿ, ಯಾರೋ ಇಷ್ಟಪಟ್ಟು ತರಿಸಿಕೊಂಡದ್ದು.

ಪ್ರಶ್ನೆ: ನನ್ನ ಮಗಳ ಶಾಲೆಯಲ್ಲಿಯೂ ಇಂಥ ಪೋಸ್ಟರ್ ಮಾಡಿಸಿ ಬಳ್ಳಾರಿ ಜಾಲಿಯನ್ನು ‘ಕೊಲೆಗಡುಕ’ ಎಂದು ಬರೆಸಿದ್ದಾರೆ. ನಮ್ಮ ಒಲೆ ಉರಿಯುವುದೇ ಅದರ ಸೌದೆಯಿಂದ. ಇದ್ದಿಲು ಸುಟ್ಟು ಬದುಕುವವರು ನಮ್ಮ ಊರಿನಲ್ಲಿದ್ದಾರೆ. ಇದು ನ್ಯಾಯವೇ?
— ಪೋಷಕರು, ಹಿರಿಯೂರು

ಉತ್ತರ: ‘ಕೊಲೆಗಡುಕ’ ಎಂಬ ಮಾತು ನ್ಯಾಯವಲ್ಲ, ವಿಜ್ಞಾನವೂ ಅಲ್ಲ. ಬಯಲುಸೀಮೆಯ ಸೌದೆಯ ಕೊರತೆಗೆ ಪರಿಹಾರವೆಂದು ಸರ್ಕಾರಗಳೇ ಮುಂದೆ ನಿಂತು ಬೆಳೆಸಿದ ಮರವಿದು, ಬರದ ವರ್ಷಗಳಲ್ಲಿ ಅದರ ಕಾಯಿ ತಿಂದು ಕುರಿಮೇಕೆಗಳು ಜೀವ ಹಿಡಿದುಕೊಂಡದ್ದೂ ನಿಜ. ಆದರೆ ಹಾಗೆ ತಿಂದ ಕಾಯಿಯ ಬೀಜ ಹಿಕ್ಕೆಯಲ್ಲಿ ಕೆಡದೆ ಹೊರಬಂದು, ಮಂದೆ ಹೋದಲ್ಲೆಲ್ಲ ಮೊಳೆಯುತ್ತದೆ. ಒಮ್ಮೆ ಬೇರೂರಿತೆಂದರೆ ಅಮೃತ ಮಹಲ್ ಕಾವಲಿನಂತಹ ಹುಲ್ಲುಗಾವಲಿನಲ್ಲಿ ಹುಲ್ಲಿಗೆ ಜಾಗವಿರುವುದಿಲ್ಲ, ಕೆರೆಯಂಗಳದಲ್ಲಿ ಕಾಲಿಡಲು ಆಗುವುದಿಲ್ಲ. ಕುರಿಗಾಹಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಮರ ಎನ್ನಬಹುದು.

ಪೋಸ್ಟರ್‌ನ ಕೆಳಗೆ ‘ಆರೋಪಿಯ ಹೇಳಿಕೆ’ ಎಂಬ ಜಾಗವನ್ನು ಕೇಳಿ ಪಡೆಯಿರಿ, ಅದನ್ನು ನಿಮ್ಮ ಮಗಳು ಇದ್ದಿಲು ಸುಡುವವರನ್ನೂ ಕುರಿ ಕಾಯುವ ಅಜ್ಜಂದಿರನ್ನೂ ಮಾತನಾಡಿಸಿ ತುಂಬಲಿ. ಸೌದೆಗೆ ಕಡಿಯುವವರಿಗೆ ನನ್ನದೊಂದು ಮಾತು: ನೆಲಮಟ್ಟಕ್ಕೆ ಕಡಿದ ಬುಡ ಮತ್ತೆ ಹತ್ತಾರು ಕವಲಾಗಿ ಚಿಗುರುತ್ತದೆ, ಆದ್ದರಿಂದ ಕಾವಲಿನಲ್ಲಿಯೂ ಕೆರೆಯಂಗಳದಲ್ಲಿಯೂ ಕಾಯಿ ಮಾಗುವುದಕ್ಕೆ ಮೊದಲು, ಬೇರಿನ ತಲೆಗಟ್ಟಿನ (ಬುಡ ಬೇರಿಗೆ ಸೇರುವ ಗಂಟಿನ) ಸಮೇತ ಅಗೆದು ತೆಗೆಯಿರಿ, ಆ ಬುಡವೂ ಒಳ್ಳೆಯ ಸೌದೆಯೇ.