ಭಿಕ್ಷು ಹರಸುತ್ತಾರೆ, ಮದುವೆ ಮಾಡಿಸುವುದಿಲ್ಲ

ಪ್ರಶ್ನೆ: ನಮ್ಮದು ಲಿಂಗಾಯತ ಮನೆತನ. ಮಗಳು ಒಪ್ಪಿರುವ ಹುಡುಗನ ಕಡೆಯವರು ಬೌದ್ಧರು. ಮುಹೂರ್ತ ನೋಡಿಸುವುದಿಲ್ಲ, ಭಿಕ್ಷು ಬಂದರೂ ಹರಸುತ್ತಾರೆಯೇ ಹೊರತು ಮದುವೆ ಮಾಡಿಸುವುದಿಲ್ಲ ಎನ್ನುತ್ತಾರೆ. ಹೆಂಡತಿ ಮಗನನ್ನು ಬಿಟ್ಟು ಹೋದವನ ಧರ್ಮದಲ್ಲಿ ಮದುವೆಗೆ ಬೆಲೆ ಎಲ್ಲಿದೆ ಎಂದು ನಮ್ಮ ಅಕ್ಕ ಕೇಳುತ್ತಾರೆ. ಈ ಮದುವೆ ಕಾನೂನಿನ ಮುಂದೆ ನಿಲ್ಲುತ್ತದೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೀಗರು ಹೇಳಿದ್ದು ನಿಜ. ಭಿಕ್ಷುವಾದವನು ಗಂಡು-ಹೆಣ್ಣಿನ ಸಂಬಂಧ ಕುದುರಿಸುವುದು ಭಿಕ್ಷುಗಳ ನಿಯಮಾವಳಿಯಾದ ‘ವಿನಯ’ದ ಪ್ರಕಾರ ದೊಡ್ಡ ತಪ್ಪು. ಅದರ ಹಿಂದೊಂದು ಕಥೆಯಿದೆ. ಉದಾಯಿ ಎಂಬ ಭಿಕ್ಷು ನಡುವೆ ನಿಂತು ಒಬ್ಬ ಹುಡುಗಿಯನ್ನು ಬೇರೆ ಊರಿಗೆ ಕೊಡಿಸಿದ. ತಿಂಗಳ ಕಾಲ ಸೊಸೆಯಂತೆ ನೋಡಿಕೊಂಡವರು ಆಮೇಲೆ ಅವಳನ್ನು ದಾಸಿಯಂತೆ ದುಡಿಸತೊಡಗಿದರು. ಬುದ್ಧಿ ಹೇಳಲು ಹೋದ ಉದಾಯಿಯನ್ನು ಗದರಿಸಿ ಅಟ್ಟಿದರು. ಹುಡುಗಿಯ ತಾಯಿ ಅವನಿಗೆ ಹಿಡಿ ಶಾಪ ಹಾಕಿದಳು. ಸಂಘ ಈ ಉಸಾಬರಿಯಿಂದ ದೂರ ನಿಂತದ್ದು ಅಂದಿನಿಂದ.

ನಿಮ್ಮ ಅಕ್ಕನವರ ಮಾತಿನಲ್ಲೂ ಹುರುಳಿದೆ. ಸಂಸಾರದಲ್ಲಿದ್ದೇ ಶರಣರಾಗಬಹುದು ಎಂದ ಪರಂಪರೆ ನಿಮ್ಮದು. ಬೌದ್ಧರಲ್ಲಿ ಮೇಲಿನ ಮಣೆ ಸಂನ್ಯಾಸಕ್ಕೇ. ವೈದಿಕರಿಗೆ ವಿವಾಹವೊಂದು ಸಂಸ್ಕಾರ, ಕ್ಯಾಥೊಲಿಕರಿಗೆ ಏಳು ಸಂಸ್ಕಾರಗಳಲ್ಲಿ ಒಂದು, ಮುಸ್ಲಿಮರಿಗೆ ಮಹರ್ (ವರ ವಧುವಿಗೆ ಕೊಡುವ ಧನ) ಮತ್ತು ಸಾಕ್ಷಿಗಳಿರುವ ಧಾರ್ಮಿಕ ಒಪ್ಪಂದ. ಬೌದ್ಧರಿಗೆ ಅದು ಗೃಹಸ್ಥರ ವ್ಯವಹಾರ, ಆಯಾ ನಾಡಿನ ಪದ್ಧತಿಗೆ ಬಿಟ್ಟದ್ದು. ಶ್ರೀಲಂಕಾದಲ್ಲಿ ವಧೂವರರನ್ನು ಪೋರುವ ಎಂಬ ಅಲಂಕೃತ ವೇದಿಕೆಗೆ ಹತ್ತಿಸುತ್ತಾರೆ, ಅಲ್ಲೂ ಶಾಸ್ತ್ರ ನಡೆಸುವವರು ಗೃಹಸ್ಥರೇ.

ಆದರೆ ಬೆಲೆಯೇ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಿಗಾಲನೆಂಬ ಗೃಹಸ್ಥನಿಗೆ ಬುದ್ಧ ಹೇಳಿದ ಉಪದೇಶದಲ್ಲಿ ಗಂಡನ ಐದು ಕರ್ತವ್ಯಗಳಿವೆ: ಹೆಂಡತಿಯನ್ನು ಗೌರವಿಸಬೇಕು, ಹೀಗಳೆಯಬಾರದು, ದ್ರೋಹ ಬಗೆಯಬಾರದು, ಮನೆಯ ಯಜಮಾನಿಕೆ ಬಿಟ್ಟುಕೊಡಬೇಕು, ಒಡವೆ ವಸ್ತ್ರ ಕೊಡಿಸಬೇಕು. ಕೊನೆಯದನ್ನು ನಮ್ಮ ಕಡೆ ಯಾರೂ ಮರೆಯುವುದಿಲ್ಲ, ನಾಲ್ಕನೆಯದು ಯಾರಿಗೂ ನೆನಪಿರುವುದಿಲ್ಲ! ಹೆಂಡತಿಗೂ ಐದು ಇವೆ. ಗಂಡ ದುಡಿದು ತಂದದ್ದನ್ನು ಕಾಪಾಡುವುದು ಅವುಗಳಲ್ಲೊಂದು. ಮದುವೆಯ ದಿನಕ್ಕಿಂತ ಮದುವೆಯಾದ ಮೇಲಿನ ದಿನಗಳ ಬಗ್ಗೆಯೇ ಅವರ ಗ್ರಂಥಗಳಿಗೆ ಹೆಚ್ಚು ಕಾಳಜಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆಯ ಮೇಲೆ ತಂದೆ ತಾಯಿಯ ಮಾತು ಕೇಳಿ, ಸತ್ಯ ನುಡಿಯಿರಿ ಎಂದು ಬರೆಸಿದ ಅಶೋಕ, ಗಿರ್ನಾರ್ ಮೊದಲಾದ ಕಡೆಯ ಒಂಬತ್ತನೆಯ ಶಾಸನದಲ್ಲಿ ಮಕ್ಕಳ ಮದುವೆಗೆ ಮಾಡುವ ನಾನಾ ಆಚರಣೆಗಳನ್ನು ಹೆಸರಿಸಿ, ಅವುಗಳಿಂದ ಸಿಗುವ ಫಲ ಅಲ್ಪ ಎನ್ನುತ್ತಾನೆ. ಈ ಆಚರಣೆಗಳಿಗಾಗಿ ಅವನು ಹೆಂಗಸರ ಮೇಲೆ ಹೆಚ್ಚಿನ ದೂರು ಹೊರಿಸಿರುವುದು ಮಾತ್ರ ಅನ್ಯಾಯ.

ಇನ್ನು ಕಾನೂನು. 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆ. ಲಿಂಗಾಯತರನ್ನು ಅದು ಹೆಸರು ಹಿಡಿದೇ ಸೇರಿಸಿಕೊಂಡಿದೆ. ಇಬ್ಬರಲ್ಲಿ ಯಾರ ಕಡೆಯ ರೂಢಿಯಂತೆ ನಡೆದರೂ ಮದುವೆ ಸಿಂಧು. ಹೀಗಾಗಿ ನಿಮ್ಮ ಅಯ್ಯನವರು ಬಂದು ಅಕ್ಕಿಕಾಳು ಬಿದ್ದರೂ ಸರಿ, ಬುದ್ಧನ ಮುಂದೆ ದೀಪ ಹಚ್ಚಿ ಅವರ ರೂಢಿಯಂತೆ ಹಾರ ಬದಲಾಯಿಸಿಕೊಂಡರೂ ಸರಿ. ಫೋಟೊ, ಸಾಕ್ಷಿಗಳನ್ನು ಇಟ್ಟುಕೊಂಡು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಈ ಕಾಯ್ದೆಯಡಿ ಶಾಸ್ತ್ರವೇ ನಡೆಯದೆ ನೋಂದಣಿಯೊಂದನ್ನೇ ಮಾಡಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಎರಡೂ ಕಡೆಯ ಶಾಸ್ತ್ರ ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆಯಿದೆ. ಅದಕ್ಕೆ 30 ದಿನಗಳ ನೋಟಿಸ್ ಬೇಕು. ಆದ್ದರಿಂದ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಡುವ ಮೊದಲು ಯಾವ ದಾರಿ ಎಂದು ಬೀಗರ ಜೊತೆ ಕುಳಿತು ತೀರ್ಮಾನಿಸಿ.